ನಡುರಾತ್ರಿಯ ಪ್ರಶ್ನೆ, ದೂರದ ಗ್ರಂಥಪಾಲ

ಗ್ರಂಥಾಲಯದ ಬಾಗಿಲು ಮುಚ್ಚುವ ವೇಳೆಗೂ ಮನುಷ್ಯನ ಮನಸ್ಸಿನಲ್ಲಿ ಸಂದೇಹ ಹುಟ್ಟುವ ವೇಳೆಗೂ ಯಾವ ಸಂಬಂಧವೂ ಇಲ್ಲ. ಹಗಲೆಲ್ಲ ದುಡಿದು ರಾತ್ರಿ ಓದಲು ಕುಳಿತ ವಿದ್ಯಾರ್ಥಿಗೆ, ಮರುದಿನ ಒಪ್ಪಿಸಬೇಕಾದ ಪ್ರಬಂಧದ ಒಂದು ಅಂಕಿ ಸಿಕ್ಕದೆ ಹೋಗುವುದು ಹನ್ನೆರಡು ಗಂಟೆಗೆ. ಬಂಧುವೊಬ್ಬರ ಕಾಯಿಲೆಯ ಹೆಸರನ್ನು ವೈದ್ಯರಿಂದ ಕೇಳಿ ಬಂದವನಿಗೆ ಅದರ ಅರ್ಥ ತಿಳಿಯಬೇಕೆನಿಸುವುದು ಮನೆಯವರೆಲ್ಲ ಮಲಗಿದ ಮೇಲೆ. ಆ ಹೊತ್ತಿಗೆ ಗ್ರಂಥಪಾಲರೂ ಮಲಗಿರುತ್ತಾರೆ. ಯಾವ ಹೊತ್ತಿನಲ್ಲಿ ಕೇಳಿದರೂ ಗ್ರಂಥಪಾಲರೊಬ್ಬರು ಎಚ್ಚರವಾಗಿದ್ದು ಉತ್ತರ ಹೇಳುವಂತೆ ಮಾಡಲು ಸಾಧ್ಯವೆ? ಸಾಧ್ಯವುಂಟು, ಆದರೆ ಅವರು ನಮ್ಮ ಊರಿನವರೇ ಆಗಿರಬೇಕೆಂದು ಹಟ ಹಿಡಿಯಬಾರದು. ಉತ್ತರ ಅಮೆರಿಕದ ಗ್ರಂಥಾಲಯಗಳು ಈ ಶತಮಾನದ ಆದಿಯಿಂದ ನಡೆಸಿಕೊಂಡು ಬಂದಿರುವ ಒಂದು ಕೂಡುವ್ಯವಸ್ಥೆಯ ಕಥೆ ಇದು.

ಓದುಗನ ಪ್ರಶ್ನೆಯನ್ನು ಆಲಿಸಿ, ತಕ್ಕ ಆಕರವನ್ನು ಹುಡುಕಿಕೊಡುವ ಕೆಲಸಕ್ಕೆ ಪರಾಮರ್ಶನ ಸೇವೆಯೆಂದು ಹೆಸರು. ಅಮೆರಿಕದ ವುಸ್ಟರ್ ನಗರದ ಗ್ರಂಥಪಾಲ ಸ್ಯಾಮ್ಯುಯಲ್ ಗ್ರೀನ್ ಎಂಬಾತನು 1876ರಲ್ಲಿಯೇ ಇದರ ಅಗತ್ಯವನ್ನು ವಾದಿಸಿದ್ದನು. ಮೊದಲು ಮೇಜಿನ ಮುಂದೆ, ಆಮೇಲೆ ಅಂಚೆಯಲ್ಲಿ, ದೂರವಾಣಿಯಲ್ಲಿ ನಡೆಯುತ್ತಿದ್ದ ಈ ಕೆಲಸ ಕೊನೆಗೆ ಅಂತರಜಾಲವನ್ನು ಹೊಕ್ಕಿತು. ಓದುಗನು ತನ್ನ ಗಣಕಯಂತ್ರದಲ್ಲಿ ಪ್ರಶ್ನೆಯನ್ನು ಬೆರಳಚ್ಚಿಸುತ್ತಾನೆ. ಮತ್ತೊಂದು ತುದಿಯಲ್ಲಿ ಕುಳಿತ ಗ್ರಂಥಪಾಲರು ಅದನ್ನು ಆ ಕ್ಷಣವೇ ಓದಿ ಮಾರುತ್ತರ ಬರೆಯುತ್ತಾರೆ. ಮಾತುಕತೆಯೇ ಸರಿ, ಆದರೆ ಬರಹದ ಮಾತುಕತೆ. ಇದನ್ನೇ ಈಗ ಎಲ್ಲರೂ ಚಾಟ್ ಎನ್ನುತ್ತಾರೆ.

ಒಂದು ಸಣ್ಣ ಗ್ರಂಥಾಲಯ ಇಂಥ ಸೇವೆಯನ್ನು ಒಬ್ಬಂಟಿಯಾಗಿ ಏಕೆ ನಡೆಸಲಾರದು? ಲೆಕ್ಕ ಕಂಡರೆ ಅಂಜುವ ಓದುಗರು ಈ ಭಾಗದಲ್ಲಿ ನಮ್ಮನ್ನು ಕ್ಷಮಿಸಬೇಕು. ಗಂಟೆಗೆ ಸರಾಸರಿ ಒಂದು ಪ್ರಶ್ನೆ ಬರುವುದೆಂದೂ, ಒಂದಕ್ಕೆ ಉತ್ತರ ಹೇಳಲು ಸರಾಸರಿ 15 ನಿಮಿಷ ಹಿಡಿಯುವುದೆಂದೂ ಭಾವಿಸೋಣ. ಕುಳಿತವರೊಬ್ಬರೇ. ಅವರಿಗೆ ಗಂಟೆಯಲ್ಲಿ ಮುಕ್ಕಾಲು ಪಾಲು ಕೆಲಸವಿಲ್ಲ. ಹಾಗಿದ್ದರೂ ಪ್ರಶ್ನೆಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲವಾದುದರಿಂದ, ನಾಲ್ವರಲ್ಲಿ ಒಬ್ಬನು ಕಾಯಬೇಕಾಗುತ್ತದೆ. ಎಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ ಸರಾಸರಿ ಕಾಯುವ ಕಾಲ 5 ನಿಮಿಷ. ಒಂದು ಕಡೆ ಬರಿದೆ ಕುಳಿತಿರುವುದು, ಮತ್ತೊಂದು ಕಡೆ ಕಾಯುವುದು: ಎರಡು ನಷ್ಟಗಳೂ ಏಕಕಾಲದಲ್ಲಿ!

ಈಗ ಇಂಥ ಹತ್ತು ಗ್ರಂಥಾಲಯಗಳು ಒಟ್ಟುಗೂಡಿದವೆನ್ನೋಣ. ಗಂಟೆಗೆ ಹತ್ತು ಪ್ರಶ್ನೆ. ಹತ್ತು ಮಂದಿಯ ಬದಲು ಐದು ಮಂದಿಯನ್ನು ಮಾತ್ರ ಕೂರಿಸಿ, ಎಲ್ಲ ಪ್ರಶ್ನೆಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಕಾಯಬೇಕಾದವರು ನೂರಕ್ಕೆ 13. ಸರಾಸರಿ ಕಾಯುವ ಕಾಲ 47 ಸೆಕೆಂಡು. ಅರ್ಧದಷ್ಟು ಜನ, ಆರರಲ್ಲೊಂದು ಪಾಲಿಗಿಂತಲೂ ಕಡಮೆ ಕಾಯುವಿಕೆ. ಇದರಲ್ಲಿ ಮಾಯೆಯೇನೂ ಇಲ್ಲ. ಹತ್ತೂ ಊರುಗಳಲ್ಲಿ ಒಮ್ಮೆಲೇ ನೂಕುನುಗ್ಗಲಾಗುವುದು ಅಪರೂಪ. ಒಂದು ಊರಿನ ಬಿಡುವು ಇನ್ನೊಂದು ಊರಿನ ಒತ್ತಡವನ್ನು ಹೊರುತ್ತದೆ. ಈ ಗಣಿತವನ್ನು ರಚಿಸಿದವನು ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಎರ್ಲಾಂಗ್ ಎಂಬ ಡೇನಿಷ್ ಗಣಿತಜ್ಞ. ಕಾಯುವಿಕೆಯ ಸೂತ್ರವನ್ನು ಅವನು ಪ್ರಕಟಿಸಿದ್ದು 1917ರಲ್ಲಿ. ಅದೇ ವರ್ಷ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ತರುಣ ಗಣಿತ ಅಧ್ಯಾಪಕರೊಬ್ಬರು ಕೆಲಸಕ್ಕೆ ಸೇರಿದರು. ಅವರೇ ಎಸ್. ಆರ್. ರಂಗನಾಥನ್. ಮುಂದೆ ಅವರು ಗಣಿತವನ್ನು ಬಿಟ್ಟು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ, ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದರು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. ಒಬ್ಬರು ಕಾಯುವ ಕಾಲವನ್ನು ಅಳೆದರು, ಇನ್ನೊಬ್ಬರು ಅದನ್ನು ಉಳಿಸಿರೆಂದರು. ಇಬ್ಬರನ್ನೂ ಒಟ್ಟಿಗೆ ನೆನೆಯಲು ನಮಗೆ ಸಂತೋಷ.

ಕೂಡುವ್ಯವಸ್ಥೆಗೆ ಭೂಮಿಯ ಭ್ರಮಣವೂ ನೆರವಾಗುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ನ್ಯೂಯಾರ್ಕಿನಲ್ಲಿ ರಾತ್ರಿ 12 ಹೊಡೆದಾಗ ಲಾಸ್ ಏಂಜಲಿಸ್‌ನಲ್ಲಿ ಇನ್ನೂ 9. ಪೂರ್ವ ತೀರದವರು ಮಲಗಿದ ಮೇಲೆ ಪಶ್ಚಿಮ ತೀರದವರು ಉತ್ತರಿಸಬಹುದು. ದಕ್ಷಿಣ ಆಸ್ಟ್ರೇಲಿಯದ ಮತ್ತು ಇಂಗ್ಲೆಂಡಿನ ನೈಋತ್ಯ ಭಾಗದ ವೈದ್ಯಕೀಯ ಗ್ರಂಥಾಲಯಗಳು ಈ ಉಪಾಯವನ್ನು ಗೋಲದ ಆಚೀಚೆಗೂ ಚಾಚಿದುವು. ಅವೆರಡಕ್ಕೂ ಋತುವಿಗೆ ತಕ್ಕಂತೆ ಎಂಟೂವರೆಯಿಂದ ಹತ್ತೂವರೆ ಗಂಟೆಗಳ ಅಂತರ. ರಾತ್ರಿಪಾಳಿಯ ವೈದ್ಯನೊಬ್ಬನಿಗೆ ರೋಗಿಯ ವಿಷಯದಲ್ಲಿ ಸಂದೇಹ ಬಂದರೆ, ಹಗಲಿನ ಬೆಳಕಿನಲ್ಲಿ ಕುಳಿತ ಇನ್ನೊಂದು ದೇಶದ ಗ್ರಂಥಪಾಲರು ಹುಡುಕಿಕೊಡುವರು. ಸೂರ್ಯನ ಬೆನ್ನಟ್ಟುವುದು ಎಂಬರ್ಥದ ಹೆಸರನ್ನು ಅದಕ್ಕೆ ಇಟ್ಟಿದ್ದರು. ತಕ್ಕ ಹೆಸರೇ!

ಆದರೆ ಎರ್ಲಾಂಗನ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ಸಾಲಿನಲ್ಲಿರುವ ಯಾವ ಪ್ರಶ್ನೆಯನ್ನಾದರೂ ಕುಳಿತಿರುವ ಯಾರಾದರೂ ಬಿಡಿಸಬಲ್ಲರು ಎಂಬುದು. ದೂರವಾಣಿಯ ತಂತಿಗಳಿಗೆ ಇದು ಸತ್ಯ. ಗ್ರಂಥಪಾಲರಿಗೆ ಪೂರ್ತಿ ಸತ್ಯವಲ್ಲ. ಗುರುಗ್ರಹಕ್ಕೆ ಎಷ್ಟು ಉಪಗ್ರಹಗಳೆಂದು ಕೇಳಿದರೆ ಯಾವ ಊರಿನವರಾದರೂ ಹೇಳಿಯಾರು. ‘ನನ್ನ ಕಾರ್ಡಿಗೆ ಪುಸ್ತಕ ಕೊಡುವುದಿಲ್ಲವೆನ್ನುತ್ತಾರೆ, ಏಕೆ?’ ‘ನಮ್ಮ ಮೇಷ್ಟರು ಕಾದಿರಿಸಿದ ಪುಸ್ತಕ ಯಾವ ಅಂತಸ್ತಿನಲ್ಲಿದೆ?’ ಎಂದು ಕೇಳಿದರೆ ಸಾವಿರ ಮೈಲಿ ದೂರದವರು ಏನು ಹೇಳಬಲ್ಲರು? ಹಣ ತೆತ್ತು ತರಿಸುವ ಪತ್ರಿಕೆಗಳ ಕಥೆಯೂ ಹೀಗೆಯೇ. ಕರಾರು ಆಯಾ ಗ್ರಂಥಾಲಯದ ಸದಸ್ಯರಿಗೆ ಮಾತ್ರ. ಆದುದರಿಂದ ವಿದ್ಯಾರ್ಥಿ ತೆರೆಯಬಹುದಾದ ಲೇಖನವನ್ನು ಅವನಿಗೆ ದಾರಿ ತೋರಿಸುವ ಗ್ರಂಥಪಾಲರೇ ತೆರೆಯಲಾರದೆ ಹೋಗುವುದುಂಟು. ಕಣ್ಣು ಕಟ್ಟಿಕೊಂಡು ದಾರಿ ಹೇಳಿದಂತೆ!

ನಮ್ಮ ಅಭಿಪ್ರಾಯದಲ್ಲಿ ಈ ಸೇವೆಯ ನಿಜವಾದ ಶ್ರಮವಿರುವುದು ಇಲ್ಲಿಯೇ, ಯಂತ್ರದಲ್ಲಲ್ಲ. ಸೇರಿದ ಪ್ರತಿಯೊಂದು ಗ್ರಂಥಾಲಯವೂ ತನ್ನ ವೇಳೆ, ದಂಡದ ದರ, ಕಾರ್ಡಿನ ನಿಯಮ, ಕೊಠಡಿಗಳ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಮಿಕ್ಕವರ ಮುಂದಿಡಬೇಕು. ಪ್ರಶ್ನೆ ಬಂದೊಡನೆ ಆ ಊರಿನ ಹಾಳೆ ಉತ್ತರಿಸುವವರ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ. ಹಾಳೆ ಹಳತಾಗಿದ್ದರೆ ಕೆಟ್ಟಿತು. ರಜದ ದಿನ ಬಾಗಿಲು ತೆರೆದಿದೆಯೆಂದು ನಂಬಿ ಓದುಗನು ಮಳೆಯಲ್ಲಿ ಬಂದು ನಿಲ್ಲುವನು. ಹಾಳೆಯಲ್ಲಿಯೂ ಉತ್ತರವಿಲ್ಲದಿದ್ದರೆ, ನಡೆದ ಸಂಭಾಷಣೆಯನ್ನು ಇದ್ದಂತೆಯೇ ಊರಿನ ಗ್ರಂಥಾಲಯಕ್ಕೆ ಕಳುಹಿಸಬೇಕು. ಇದಕ್ಕಾಗಿ ಓದುಗನ ವಿಳಾಸ ಬೇಕು; ವಿಳಾಸ ಬಂದೊಡನೆ ಗೌಪ್ಯದ ಹೊಣೆಯೂ ಬಂತು. ಯಾರು ಯಾವ ಕಾಯಿಲೆಯ ಬಗ್ಗೆ ಕೇಳಿದರೆಂಬುದು ಲಿಖಿತವಾಗಿ ಉಳಿಯುವುದರಿಂದ, ಕೆಲಸ ತೀರಿದ ಬಳಿಕ ಹೆಸರು ವಿಳಾಸಗಳನ್ನು ಅಳಿಸಿಬಿಡುವ ಪದ್ಧತಿಯನ್ನು ಒಳ್ಳೆಯ ಸೇವೆಗಳು ಇಟ್ಟುಕೊಂಡಿವೆ.

ಓದುಗನು ಮೊದಲು ಕೇಳುವ ಪ್ರಶ್ನೆ ಅವನಿಗೆ ಬೇಕಾದ ಪ್ರಶ್ನೆಯಲ್ಲವೆಂಬ ಇನ್ನೊಂದು ತೊಡಕುಂಟು. ರಾಬರ್ಟ್ ಟೇಲರ್ ಎಂಬ ವಿದ್ವಾಂಸನು 1968ರಲ್ಲಿ ಇದನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದನು: ಮಾತಿಗೆ ಬಾರದ ಕೊರತೆ, ಮನಸ್ಸಿನಲ್ಲಿ ಮಸಕಾಗಿ ಮೂಡಿದ ಪ್ರಶ್ನೆ, ಸ್ಪಷ್ಟವಾಗಿ ರೂಪುಗೊಂಡ ಪ್ರಶ್ನೆ, ಕೊನೆಗೆ ಗ್ರಂಥಾಲಯಕ್ಕೆ ಒಗ್ಗುವಂತೆ ಓದುಗನು ತಾನೇ ಕುಗ್ಗಿಸಿಕೊಂಡ ಪ್ರಶ್ನೆ. ಗ್ರಂಥಪಾಲರ ಕಿವಿಗೆ ಬೀಳುವುದು ಕೊನೆಯದು. ಎದುರಿಗೆ ಕುಳಿತಿದ್ದರೆ ಮುಖ ನೋಡಿ ಹಿಂದಕ್ಕೆ ಹೋಗಬಹುದು. ಚಾಟಿನಲ್ಲಿ ಮುಖವಿಲ್ಲ, ದನಿಯಿಲ್ಲ. ಹುಡುಕುತ್ತಿರುವವರ ಮೌನಕ್ಕೂ ಎದ್ದುಹೋದವರ ಮೌನಕ್ಕೂ ವ್ಯತ್ಯಾಸ ಕಾಣದು. ಅದಕ್ಕೆಂದೇ ಅನುಭವಸ್ಥರು ‘ಇನ್ನೂ ಹುಡುಕುತ್ತಿದ್ದೇನೆ, ಎರಡು ನಿಮಿಷ’ ಎಂದು ಆಗಾಗ ಬರೆಯುತ್ತಿರುತ್ತಾರೆ. ಸಣ್ಣ ಸಂಗತಿ, ಆದರೆ ಓದುಗನು ನಿಲ್ಲುವುದು ಅದರಿಂದ.

ಖರ್ಚನ್ನು ಹಂಚುವ ರೀತಿ ಸರಳ: ಪ್ರತಿ ಗ್ರಂಥಾಲಯವೂ ವಾರಕ್ಕೆ ಇಷ್ಟು ಗಂಟೆ ತನ್ನವರನ್ನು ಕೂರಿಸುವುದಾಗಿ ಒಪ್ಪಿಕೊಳ್ಳುತ್ತದೆ, ದೊಡ್ಡದಕ್ಕೆ ಹೆಚ್ಚು, ಚಿಕ್ಕದಕ್ಕೆ ಕಡಮೆ. ಬ್ರಿಟಿಷ್ ಕೊಲಂಬಿಯದಲ್ಲಿ 2006ರಲ್ಲಿ ಆರಂಭವಾದ ಆಸ್ಕ್‌ಅವೇ ಎಂಬ ಸೇವೆಯಲ್ಲಿ ಕಾಲೇಜುಗಳೂ ವಿಶ್ವವಿದ್ಯಾನಿಲಯಗಳೂ ಹೀಗೆ ಕೈಗೂಡಿಸಿವೆ. ಇವೆಲ್ಲಕ್ಕಿಂತ ವಿಸ್ತಾರವಾಗಿ ಹಬ್ಬಿದ್ದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸೂ ಒಹಾಯೋದ ಒಸಿಎಲ್‌ಸಿ ಎಂಬ ಸಹಕಾರಿ ಸಂಸ್ಥೆಯೂ 2002ರಲ್ಲಿ ಆರಂಭಿಸಿದ ಕ್ವೆಶ್ಚನ್‌ಪಾಯಿಂಟ್. ದಕ್ಷಿಣ ಕ್ಯಾಲಿಫೋರ್ನಿಯದ ಹಗಲಿರುಳಿನ ಸೇವೆಯೊಂದು 2004ರಲ್ಲಿ ಅದರೊಳಗೆ ಕೂಡಿತು. 2019ರಲ್ಲಿ ಅದು ಸ್ಪ್ರಿಂಗ್‌ಶೇರ್ ಎಂಬ ಖಾಸಗಿ ಸಂಸ್ಥೆಯ ಕೈಸೇರಿತು.

ಈಗ ಯಂತ್ರಗಳೇ ಉತ್ತರ ಬರೆಯುವ ಕಾಲ. ಇನ್ನು ಗ್ರಂಥಪಾಲರೇಕೆ ಎಂದು ಹಣ ಕೊಡುವವರು ಕೇಳುತ್ತಾರೆ. ಆದರೆ 2023ರಿಂದೀಚೆಗೆ ಗ್ರಂಥಪಾಲರಿಗೆ ಹೊಸ ಬಗೆಯ ಪ್ರಶ್ನೆಯೊಂದು ಎದುರಾಗಿದೆ. ಓದುಗನು ಲೇಖಕನ ಹೆಸರು, ಪತ್ರಿಕೆ, ಸಂಪುಟ, ಪುಟಸಂಖ್ಯೆ ಎಲ್ಲವನ್ನೂ ಕೊಟ್ಟು ಒಂದು ಲೇಖನವನ್ನು ಬೇಡುತ್ತಾನೆ. ಅದು ಎಲ್ಲಿಯೂ ಇಲ್ಲ. ಯಂತ್ರವು ಕಲ್ಪಿಸಿ ಕೊಟ್ಟದ್ದು. ಇರುವುದನ್ನು ಹುಡುಕುವುದು ಸಿಕ್ಕಿದೊಡನೆ ಮುಗಿಯುತ್ತದೆ. ಇಲ್ಲದುದನ್ನು ಇಲ್ಲವೆಂದು ನಿಶ್ಚಯಿಸಲು ಎಲ್ಲ ಕಡೆಯೂ ಜಾಲಾಡಬೇಕು. ಇಂಥವುಗಳಿಂದ ಸರಾಸರಿ ಕಾಲ 15 ನಿಮಿಷದಿಂದ 30ಕ್ಕೆ ಏರಿತೆಂದಿಟ್ಟುಕೊಂಡು, ಮೊದಲಿನ ಲೆಕ್ಕಕ್ಕೆ ಹಿಂದಿರುಗಿದರೆ ಏನಾಗುವುದೆಂದು ನೋಡಿ. ಗಂಟೆಗೆ ಹತ್ತು ಪ್ರಶ್ನೆ, ಐದು ಮಂದಿ: ಸಾಲು ಎಂದಿಗೂ ನೆಲೆಗೆ ನಿಲ್ಲದೆ ಬೆಳೆಯುತ್ತಲೇ ಹೋಗುವುದು. ಏಳು ಮಂದಿ ಕುಳಿತರೆ ಅದು ಹಿಡಿತಕ್ಕೆ ಬರುತ್ತದೆ. ಆಗಲೂ ಸರಾಸರಿ ಕಾಯುವ ಕಾಲ, ಒಂಟಿ ಗ್ರಂಥಾಲಯದಲ್ಲಿ ಇದ್ದಂತೆಯೇ, ಸುಮಾರು 5 ನಿಮಿಷ.