ಪುಣೆಯ ದರ್ಬಾರಿನಲ್ಲಿ ಶ್ರೀರಂಗಪಟ್ಟಣದ ವಕೀಲರು

ಶ್ರೀರಂಗಪಟ್ಟಣದ ಭಗ್ನ ಕೋಟೆಯ ಬಳಿ ಕಾವೇರಿಯ ಹರಿವನ್ನು ನೋಡುತ್ತ ನಿಲ್ಲುವ ಯಾತ್ರಿಕನಿಗೆ ಟೀಪೂ ಸುಲ್ತಾನನು ಮಡಿದ 1799ರ ಮೇ 4ರ ಕಾಳಗವು ನೆನಪಾಗುವುದು ಸಹಜವೇ ಸರಿ. ಆದರೆ ಅದಕ್ಕೂ ಮುನ್ನ, ಫಿರಂಗಿಯ ಸದ್ದಿಲ್ಲದೆ ದೂರದ ದರ್ಬಾರುಗಳಲ್ಲಿ ನಡೆದ ಮತ್ತೊಂದು ಹೋರಾಟವನ್ನು ಸ್ಮರಿಸುವವರು ವಿರಳ.

ಟೀಪೂ ಸುಲ್ತಾನನಿಗೆ ವಿರುದ್ಧವಾಗಿ ಇಂಗ್ಲಿಷ್ ಕಂಪನಿಯು ಮರಾಠರ ಪೇಶ್ವೆಯೊಡನೆಯೂ ಹೈದರಾಬಾದಿನ ನಿಜಾಮನೊಡನೆಯೂ 1790ರಲ್ಲಿಯೇ ಮೈತ್ರಿಯನ್ನು ಬೆಳೆಸಿದ್ದಿತು. ಟೀಪೂವಿನ ದೂತರು ಮಾರಿಷಸ್ ದ್ವೀಪದಲ್ಲಿ ಫ್ರೆಂಚರ ನೆರವನ್ನು ಯಾಚಿಸಿದ ಸಂಗತಿಯು 1798ರಲ್ಲಿ ಅಲ್ಲಿನ ಗವರ್ನರ್ ಮಲಾರ್ತಿಕನ ಘೋಷಣೆಯಿಂದ ಬಯಲಾಗಲು, ಗವರ್ನರ್ ಜನರಲ್ ವೆಲ್ಲೆಸ್ಲಿಯು ಮಿತ್ರರ ಮೇಲೆಯೇ ಒತ್ತಡವನ್ನು ಹೇರತೊಡಗಿದನು. ನಿಜಾಮನು ಮಣಿದು ತನ್ನ ಫ್ರೆಂಚ್ ಪಡೆಯನ್ನು ವಿಸರ್ಜಿಸಿದನು. ಪೇಶ್ವೆ ಎರಡನೆಯ ಬಾಜೀರಾಯನಾದರೋ, ಟೀಪೂವಿನ ವಕೀಲರನ್ನು, ಎಂದರೆ ರಾಯಭಾರಿಗಳನ್ನು, ಪುಣೆಯಿಂದ ಹೊರಗಟ್ಟಬೇಕೆಂಬ ಆಂಗ್ಲ ರೆಸಿಡೆಂಟನ ಆಗ್ರಹಕ್ಕೆ ಹೌದೆನ್ನದೆ, ಇಲ್ಲವೆನ್ನದೆ, ಬಹುಕಾಲ ಕಾಲಹರಣ ಮಾಡಿದನು. ಯುದ್ಧಾನಂತರ ಶರತ್ತುಗಳೊಡನೆ ಬಂದ ಮೈಸೂರಿನ ಪಾಲನ್ನೂ ನಿರಾಕರಿಸಿದನು.

ದೂತನನ್ನು ಬರಮಾಡಿಕೊಳ್ಳುವುದು ಕೇವಲ ಉಪಚಾರವಲ್ಲ, ಅವನನ್ನು ಕಳುಹಿದ ಪ್ರಭುತ್ವಕ್ಕೆ ಸಲ್ಲುವ ಮನ್ನಣೆ. ಆದುದರಿಂದಲೇ ಬಲಿಷ್ಠ ಮಿತ್ರನು ಶತ್ರುವಿನ ಖಡ್ಗಕ್ಕಿಂತಲೂ ಅವನ ದೂತನಿಗೆ ತೆರೆದ ಬಾಗಿಲನ್ನು ಹೆಚ್ಚಾಗಿ ಶಂಕಿಸುವನು. 1802ರ ಬಸ್ಸೀನ್ ಒಪ್ಪಂದದಲ್ಲಿ, ಕಂಪನಿಯೊಡನೆ ಸಮಾಲೋಚಿಸದೆ ಅನ್ಯ ರಾಜ್ಯಗಳೊಡನೆ ಸಂಧಾನ ನಡೆಸೆನೆಂದು ಅದೇ ಬಾಜೀರಾಯನು ಒಪ್ಪಿಕೊಂಡಾಗ, ಆ ಬಾಗಿಲಿನ ಬೀಗದ ಕೈಯೇ ಮಿತ್ರನ ವಶವಾಯಿತು.