ದಂಪತಿಗಳ ಕೂಡು ವ್ಯಾಪಾರವೂ ವರಮಾನ ತೆರಿಗೆಯೂ

ಧಾರವಾಡ ಜಿಲ್ಲೆಯ ಕುಂದಗೋಳ, ನವಲಗುಂದ, ಅಣ್ಣಿಗೇರಿ, ಕಲಘಟಗಿಗಳ ಕಡೆಗೆ ಒಕ್ಕಲುತನದ ಜೊತೆಗೆ ಖಾರಪುಡಿಯ ಗಿರಣಿ, ಎಣ್ಣೆಯ ಗಾಣ, ಬೀಜಗೊಬ್ಬರದ ಅಂಗಡಿಗಳನ್ನು ಗಂಡಹೆಂಡಿರು ಕೂಡಿ ನಡೆಸುವ ಮನೆತನಗಳುಂಟು. ಹೊಲದ ಬೆಳೆಯನ್ನು ಮಾರಿ ಬಂದ ಉತ್ಪನ್ನಕ್ಕೆ ವರಮಾನ ತೆರಿಗೆಯಿಲ್ಲ. ಆದರೆ ಪೇಟೆಯಲ್ಲಿ ಮೆಣಸಿನಕಾಯಿ ಕೊಂಡು ಪುಡಿಮಾಡಿ ಮಾರಿದರೆ ಅದು ವ್ಯಾಪಾರ. ಅದರ ಲಾಭವು ತೆರಿಗೆಗೆ ಒಳಪಡುವದು. ದುಡಿಮೆ ಇಬ್ಬರದಾದರೂ ವಹಿಯಲ್ಲಿ ಹೆಸರು ಗಂಡನದೊಂದೇ. ಇದರಿಂದಾಗುವ ತೊಡಕನ್ನು ಊರ ಹಿರಿಯರು ಅರಿತಿರಬೇಕು.

ಕಾಯಿದೆಯ ದೃಷ್ಟಿಯಲ್ಲಿ ದಂಪತಿಗಳು ಬೇರೆ ಬೇರೆ ವ್ಯಕ್ತಿಗಳು. ಇಬ್ಬರೂ ಕೂಡಿ ಒಂದೇ ವರಮಾನಪತ್ರ ಸಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಗೋವೆಯಲ್ಲಿ ಪೋರ್ತುಗೀಜ ನಾಗರಿಕ ಸಂಹಿತೆಗೆ ಒಳಪಟ್ಟ ದಂಪತಿಗಳ ವ್ಯಾಪಾರದ ಲಾಭವನ್ನು ಇಬ್ಬರಲ್ಲಿ ಸಮನಾಗಿ ಹಂಚಿ ತೆರಿಗೆ ಎಣಿಸುತ್ತಾರೆ. ಆ ಅನುಕೂಲ ನಮಗಿಲ್ಲ. ನಮಗಿರುವ ಮುಖ್ಯ ಹಾದಿಗಳು ಎರಡು.

ಮೊದಲನೆಯದು, ಗಂಡನೊಬ್ಬನೇ ಒಡೆಯನಾಗಿದ್ದು ಹೆಂಡತಿಗೆ ಸಂಬಳ ಕೊಡುವದು. ಆ ಸಂಬಳವು ಗಂಡನ ವರಮಾನಕ್ಕೇ ಸೇರುವದು. ಆಕೆಗೆ ತಾಂತ್ರಿಕ ಇಲ್ಲವೆ ವೃತ್ತಿಯ ಅರ್ಹತೆಯಿದ್ದು, ಸಂಬಳವು ಆ ಅರ್ಹತೆಯಿಂದಲೇ ಬಂದುದಾದರೆ ಮಾತ್ರ ಅದು ಆಕೆಯದು. 1961ರ ಕಾಯಿದೆಯ ಈ ನಿಯಮವು 2025ರ ಕಾಯಿದೆಯಲ್ಲಿಯೂ ಉಳಿದಿದೆ.

ಎರಡನೆಯದು ಪಾಲುಗಾರಿಕೆ. ಗಂಡನೊಡನೆ ಪಾಲುಗಾರಳಾದ ಹೆಂಡತಿಯ ಲಾಭವನ್ನೂ ಗಂಡನ ವರಮಾನಕ್ಕೆ ಕೂಡಿಸುವ ನಿಯಮ 1937ರಲ್ಲಿ ಬಂದಿತು. 1993ರ ಏಪ್ರಿಲ್ 1ರಿಂದ ರದ್ದಾಯಿತು. ಈಗ ಪಾಲುಗಾರಿಕೆಯ ಸಂಸ್ಥೆಯೇ ಮೊದಲ ರೂಪಾಯಿಯಿಂದ ನೂರಕ್ಕೆ 30ರಂತೆ ತೆರಿಗೆ ಕೊಡಬೇಕು. ಕರಾರುಪತ್ರದಲ್ಲಿ ಬರೆದಿದ್ದರೆ, ದುಡಿಯುವ ಪಾಲುಗಾರರ ಸಂಬಳವನ್ನು ಲಾಭದಿಂದ ಮೊದಲು ಕಳೆಯಬಹುದು. ಲಾಭ 5,00,000 ರೂಪಾಯಿ ಆದರೆ ಇಬ್ಬರ ಸಂಬಳ ಕೂಡಿ 4,50,000ದ ವರೆಗೆ ಕಳೆಯುವದು; ಉಳಿದ 50,000ಕ್ಕೆ ತೆರಿಗೆ 15,000, ಅದರ ಮೇಲೆ ನೂರಕ್ಕೆ 4ರಂತೆ ಉಪಕರ. ಅದೇ ಲಾಭ ಒಬ್ಬನ ಹೆಸರಿನಲ್ಲಿದ್ದು ಬೇರೆ ವರಮಾನವಿಲ್ಲದಿದ್ದರೆ, 2025-26ರ ಸಾಲಿನ ಹೊಸ ಪದ್ಧತಿಯಲ್ಲಿ 12 ಲಕ್ಷದ ವರೆಗೆ ರಿಯಾಯತಿ ಇರುವದರಿಂದ ಏನೂ ಕೊಡಬೇಕಾಗಿಲ್ಲ.

ಆದುದರಿಂದ ಸಣ್ಣ ಗಿರಣಿಗೆ ಪಾಲುಗಾರಿಕೆಯು ತೆರಿಗೆ ಉಳಿಸುವ ಉಪಾಯವಲ್ಲ. ಆದರೆ ತವರಿನ ಬಂಗಾರ ಮಾರಿ ಗಿರಣಿಗೆ ಹಣ ಹಾಕಿದ ಹೆಣ್ಣುಮಗಳ ಹೆಸರು ವಹಿಯಲ್ಲಿಯೇ ಇಲ್ಲದಿದ್ದರೆ, ನಾಳೆ ಗಂಡ ತೀರಿಕೊಂಡಾಗ ಇಲ್ಲವೆ ಅಣ್ಣತಮ್ಮಂದಿರ ವಾಟಣಿ ಬಂದಾಗ ಆಕೆಯ ಮಾತಿಗೆ ಆಧಾರವೇನು? ಮೇಲೆ ಹೇಳಿದ ಹದಿನೈದು ಸಾವಿರವನ್ನು ಈ ಆಧಾರದೊಡನೆ ತೂಗಿ ನೋಡತಕ್ಕದ್ದು.

ಪಾಲುಗಾರಿಕೆ ಮಾಡುವವರು ಕರಾರುಪತ್ರ ಬರೆಯಿಸಿ, 1932ರ ಕಾಯಿದೆಯಂತೆ ನೋಂದಾಯಿಸಿ, ಸಂಸ್ಥೆಯ ಹೆಸರಿನಲ್ಲಿಯೇ ಪ್ಯಾನ್ ಸಂಖ್ಯೆಯನ್ನೂ ಬ್ಯಾಂಕಿನ ಖಾತೆಯನ್ನೂ ಮಾಡಿಸಬೇಕು. ಗಂಡನು ದಾನವಾಗಿ ಕೊಟ್ಟ ಹಣವನ್ನು ಹೆಂಡತಿಯು ಬಂಡವಾಳವಾಗಿ ಹಾಕಿದರೆ ಅದರ ಬಡ್ಡಿಯು ಗಂಡನ ವರಮಾನಕ್ಕೇ ಸೇರುವದೆಂಬುದನ್ನು ಮರೆಯಬಾರದು. ಪಾಲುಗಾರಿಕೆ ಬೇಡವೆನ್ನುವವರು ಆಕೆಯ ಸ್ವಂತ ಹಣವನ್ನು ಸಾಲವೆಂದಾದರೂ ಆಕೆಯ ಹೆಸರಿನಲ್ಲಿ ಜಮೆ ಹಿಡಿದು, ಪತ್ರ ಬರೆದಿಡಲಿ. ಹಿರಿಯರು ಈ ಮಾತನ್ನು ವಾಟಣಿಯ ದಿನ ಹೇಳುವದಕ್ಕಿಂತ ಗಿರಣಿ ಹೂಡುವ ದಿನವೇ ಹೇಳುವದು ಹಿತಕರ.