ಕಣ್ಣಿನ ಹಿಂಗೋಡೆಯ ಫೋಟೊ

ಕಣ್ಣುಗುಡ್ಡೆಯ ಒಳಗೋಡೆಗೆ ಹಿಂಬದಿಯಲ್ಲಿ ಹಾಸಿಕೊಂಡಿರುವ, ಬೆಳಕನ್ನು ಗ್ರಹಿಸುವ ತೆಳುಪದರವೇ ಅಕ್ಷಿಪಟ. ಅದರ ಚಿತ್ರ ತೆಗೆಯುವ ಯಂತ್ರ ಫಂಡಸ್ ಕ್ಯಾಮೆರಾ. ವ್ಯಾಖ್ಯೆ ಇಷ್ಟೇ ಸಾಕು, ತೊಡಕಿರುವುದು ಬೆಳಕಿನಲ್ಲಿ.

ಕಣ್ಣಿನೊಳಗೆ ಕತ್ತಲು. ಬೆಳಕು ಪಾಪೆಯ ಮೂಲಕವೇ ಒಳಹೋಗಬೇಕು, ಅದೇ ಕಿಂಡಿಯಿಂದ ಹೊರಬರಲೂಬೇಕು. ಆದರೆ ಮುಂದಿರುವ ಪಾರದರ್ಶಕ ಪದರವಾದ ಕಾರ್ನಿಯಾ ಕನ್ನಡಿಯಂತೆ ಹೊಳೆದು, ಒಳಗಿನಿಂದ ಮರಳುವ ಮಂದ ಬೆಳಕನ್ನು ಮುಳುಗಿಸಿಬಿಡುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ನೋಡಿ: ಬೆಳಕನ್ನು ಉಂಗುರದ ಆಕಾರದಲ್ಲಿ ಪಾಪೆಯ ಅಂಚಿನಿಂದ ಒಳಬಿಟ್ಟು, ಮರಳುವ ಬೆಳಕನ್ನು ನಡುವಿನಿಂದ ಮಾತ್ರ ಹಿಡಿಯುವುದು. ಎರಡೂ ದಾರಿಗಳು ಕಾರ್ನಿಯಾದಲ್ಲಿ ಬೇರೆಬೇರೆ, ಅಕ್ಷಿಪಟದ ಮೇಲಷ್ಟೇ ಒಂದು. ದಾರಿಗಳನ್ನು ಹೀಗೆ ಬೇರ್ಪಡಿಸುವ ತತ್ವವನ್ನು ರೂಪಿಸಿದವನು 1911ರಲ್ಲಿ ನೊಬೆಲ್ ಪಡೆದ ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್. ಎಷ್ಟು ಸಲ ವಿವರಿಸಿದರೂ ನನಗೆ ಬೇಸರ ಬರದ ಜಾಣ್ಮೆ ಇದು.

ಈ ಉಂಗುರ ಅರ್ಥವಾದರೆ ಚಿತ್ರ ತೆಗೆಯುವ ತಂತ್ರಜ್ಞರ ಗೊಣಗಾಟವೂ ಅರ್ಥವಾಗುತ್ತದೆ. ಕ್ಯಾಮೆರಾ ತುಸು ಹತ್ತಿರವೋ ದೂರವೋ ಆದರೆ ಉಂಗುರ ಜಾರಿ ಚಿತ್ರದ ಅಂಚಿಗೆ ಮಬ್ಬು ಕವಿಯುತ್ತದೆ. ಪಾಪೆ ಕಿರಿದಾದರೆ ಉಂಗುರಕ್ಕೂ ನಡುದಾರಿಗೂ ಒಟ್ಟಿಗೆ ಜಾಗ ಸಾಲದು. ವಯಸ್ಸಾದವರ ಕಿರಿದಾದ ಪಾಪೆಯನ್ನು ಔಷಧಿ ಹನಿ ಹಾಕಿ ಹಿಗ್ಗಿಸುವುದು ಅದಕ್ಕೇ. ಔಷಧಿ ಬೇಡದ ಕ್ಯಾಮೆರಾಗಳು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಗುರಿ ಹಿಡಿದು, ಕೊನೆಗೊಮ್ಮೆ ಫ್ಲ್ಯಾಶ್ ಹೊಡೆಯುತ್ತವೆ. ಆಗ ಎರಡೂ ಪಾಪೆಗಳು ಕುಗ್ಗುತ್ತವೆ. ಇನ್ನೊಂದು ಕಣ್ಣಿನ ಚಿತ್ರ ತೆಗೆಯುವ ಮೊದಲು ಮಂದ ಬೆಳಕಿನಲ್ಲಿ ಸುಮ್ಮನೆ ಕೂರಿಸುವುದನ್ನು ಸೋಮಾರಿತನ ಎಂದುಕೊಳ್ಳಬೇಡಿ.

ಚಿತ್ರ ಪರದೆಗೆ ಬಂತು. ರೋಗ ಹುಡುಕುವ ಆತುರ ಬೇಡ, ಮೊದಲು ಚಿತ್ರವೇ ಸರಿಯಿದೆಯೇ ನೋಡಿ. ಬಲಗಣ್ಣಿನ ಚಿತ್ರದಲ್ಲಿ ದೃಷ್ಟಿನರದ ಬಿಳಿತಟ್ಟೆ ಬಲಕ್ಕಿರಬೇಕು. ಎಡಕ್ಕಿದ್ದರೆ ಹೆಸರುಪಟ್ಟಿ ಅದಲುಬದಲಾಗಿದೆ. ಅಕ್ಷಿಪಟದ ನಡುಭಾಗವಾದ ಮ್ಯಾಕುಲಾದ ಸುತ್ತಲಿನ ಸಣ್ಣ ರಕ್ತನಾಳಗಳು ಎಣಿಸುವಂತೆ ಕಾಣುತ್ತಿವೆಯೇ? ಮೂವರು ಬೇರೆಬೇರೆ ರೋಗಿಗಳ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಕಲೆಯಿದ್ದರೆ ಅದು ರೋಗವಲ್ಲ, ಲೆನ್ಸಿನ ಧೂಳು! ಆಮೇಲೆ ಚಿತ್ರದ ಹಸಿರು ವರ್ಣದ ಪದರವನ್ನಷ್ಟೇ (ಗ್ರೀನ್ ಚಾನೆಲ್) ತೆರೆದು ನೋಡಬೇಕು. ರಕ್ತ ಹಸಿರು ಬೆಳಕನ್ನು ಹೀರುವುದರಿಂದ, ಸಕ್ಕರೆ ಕಾಯಿಲೆಯವರ ಸಣ್ಣ ರಕ್ತಚುಕ್ಕೆಗಳು ಬೂದಿಬಣ್ಣದ ಮೇಲೆ ಕಪ್ಪಾಗಿ ಎದ್ದು ಕಾಣುತ್ತವೆ.

ಜನ ಎಡವುವುದು ಇಲ್ಲಿ: ಚಿತ್ರ ಮಸುಕಾಗಿದೆ, ಏನೂ ಕಾಣಲಿಲ್ಲ, ಅಂದಮೇಲೆ ಏನೂ ಇಲ್ಲ. ಖಂಡಿತ ತಪ್ಪು. ಓದಲಾಗದ ಚಿತ್ರಕ್ಕೆ ‘ನಾರ್ಮಲ್’ ಎಂದು ಬರೆಯುವಂತಿಲ್ಲ. ಮಸುಕಿಗೆ ಕಣ್ಣಿನ ಪೊರೆಯೋ ಒಳಗಿನ ರಕ್ತಸ್ರಾವವೋ ಕಾರಣವಿರಬಹುದು. ಮತ್ತೆ ತೆಗೆದರೂ ಸರಿಬಾರದಿದ್ದರೆ ವೈದ್ಯರ ಬಳಿ ಕಳಿಸಲೇಬೇಕು. ‘ನನಗೆ ಚೆನ್ನಾಗಿ ಕಾಣುತ್ತದಲ್ಲ’ ಎನ್ನುವ ವಾದವೂ ನಿಲ್ಲದು. ಸಕ್ಕರೆ ಕಾಯಿಲೆ ಅಕ್ಷಿಪಟವನ್ನು ಬಹುಕಾಲ ಸದ್ದಿಲ್ಲದೆ ಕೆಡಿಸಬಲ್ಲದು.

ಸ್ಪಷ್ಟ ಚಿತ್ರಕ್ಕೂ ಮಿತಿಯಿದೆ. ಸಾಮಾನ್ಯ ಕ್ಯಾಮೆರಾ ಒಮ್ಮೆಗೆ ಸುಮಾರು 45 ಡಿಗ್ರಿಯಷ್ಟನ್ನೇ ನೋಡುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟದ ತೊಂದರೆ ಶುರುವಾಗುವುದೋ ಅಂಚಿನಲ್ಲಿ. ಅದಕ್ಕಾಗಿಯೇ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್ರಾಪ್’ ಯೋಜನೆಯ ತಂತ್ರಜ್ಞರು 130 ಡಿಗ್ರಿ ನೋಟದ ಕ್ಯಾಮೆರಾವನ್ನು ಜಿಲ್ಲೆಗಳ ಶಿಶು ಘಟಕಗಳಿಗೆ ಒಯ್ದು ಚಿತ್ರ ತೆಗೆದರು. ದೂರದ ತಜ್ಞರು ಅವನ್ನು ಓದಿದರು.

ಇಷ್ಟಾದರೂ ಒಂದು ಚಪ್ಪಟೆ ಫೋಟೊ ಮ್ಯಾಕುಲಾದ ಊತವನ್ನು ಅಳೆಯಲಾರದು. ಆ ಕೆಲಸ ಓಸಿಟಿ ಎಂಬ ಯಂತ್ರದ್ದು, ಅದರ ಜೀವಾಳ ಬೆಳಕಿನ ವ್ಯತಿಕರಣ (ಇಂಟರ್‌ಫಿಯರೆನ್ಸ್). ಪಿಯುಸಿಯಲ್ಲಿ ಅದನ್ನು ಬರೀ ಅಂಕಕ್ಕಾಗಿ ಓದಿದವರು ದಯವಿಟ್ಟು ಆ ಪಾಠವನ್ನು ಇನ್ನೊಮ್ಮೆ ತೆರೆಯಿರಿ.